ಗಮನ ನಿಲ್ಲದ ಮಕ್ಕಳೂ ನಮ್ಮ ಹೊಣೆಯೂ

ಇಷ್ಟಲಿಂಗ ಪೂಜೆಗೆ ಕುಳಿತ 10 ವರ್ಷದ ಬಾಲಕ ಎರಡೇ ನಿಮಿಷದಲ್ಲಿ ಎದ್ದು ಓಡಿದರೆ ‘ಭಕ್ತಿಯಿಲ್ಲ, ಶಿಸ್ತಿಲ್ಲ’ ಎಂದು ನಾವು ಗದರುತ್ತೇವೆ. ಆದರೆ ಇಂತಹ ಚಡಪಡಿಕೆ, ಮರೆವು, ದುಡುಕು ಮನೆಯಲ್ಲಿಯೂ ಶಾಲೆಯಲ್ಲಿಯೂ 6 ತಿಂಗಳಿಗೂ ಮೀರಿ ಮುಂದುವರಿದು ಕಲಿಕೆಗೆ ಅಡ್ಡಿಯಾಗುತ್ತಿದ್ದರೆ, ಅದು ಎಡಿಎಚ್‌ಡಿ ಎಂಬ ಗಮನ ಕೊರತೆಯ ತೊಂದರೆಯಾಗಿರಬಹುದು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದುದು. ಸೋಮಾರಿತನವೂ ಅಲ್ಲ, ತಾಯಿ ಬೆಳೆಸಿದ ರೀತಿಯ ದೋಷವೂ ಅಲ್ಲ. ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ಗದರುವ ತಂದೆಯಲ್ಲಿಯೇ ಅದು ಗುರುತಾಗದೆ ಉಳಿದಿರಬಹುದು.

ಇಂತಹವರಿಗೆ ಒಮ್ಮೆಗೆ ಒಂದೇ ಕೆಲಸ ಹೇಳೋಣ. ‘ಸ್ನಾನ ಮಾಡಿ, ವಿಭೂತಿ ಧರಿಸಿ, ಚೀಲ ಜೋಡಿಸಿಕೊಂಡು ಬಾ’ ಎಂದು ದೂರದಿಂದ ಕೂಗುವ ಬದಲು, ಹತ್ತಿರ ಹೋಗಿ ಹೆಸರು ಹಿಡಿದು ಕರೆದು ‘ಸ್ನಾನ ಮಾಡು’ ಎಂದಷ್ಟೇ ಹೇಳೋಣ, ಮುಗಿದೊಡನೆ ಮೆಚ್ಚೋಣ. ದಿನಚರಿಯನ್ನು ಬರೆದು ಗೋಡೆಗೆ ಅಂಟಿಸೋಣ. ಪೂಜೆಯ ಅವಧಿಯನ್ನು ಕಿರಿದುಗೊಳಿಸಿ, ಹೂ ಬಿಡಿಸುವ, ದಾಸೋಹದಲ್ಲಿ ನೀರು ನೀಡುವ ಕಾಯಕವನ್ನು ಅವರಿಗೆ ವಹಿಸೋಣ.

ರೋಗನಿರ್ಣಯ ಮನೋವೈದ್ಯರ ಕೆಲಸ. ಅವರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬಾರದು. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ.

ನಿತ್ಯವೂ ಬೈಗುಳ ಕೇಳಿ ಬೆಳೆದ ಮಗು ತಾನು ಯಾವುದಕ್ಕೂ ಬಾರದವನೆಂದು ನಂಬಿಬಿಡುತ್ತದೆ. ಆ ಗಾಯವನ್ನು ಮಾಡದಿರುವುದು ಮಾತ್ರ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ.