ಜರ್ಮನ್ ಮಾದರಿಯ ಸರಳ ಮನೆ

ಜರ್ಮನಿಯ ಸರಳ ಗೃಹಾಲಂಕಾರದ ಬೇರು ಬೌಹೌಸ್ ಎಂಬ ವಿನ್ಯಾಸ ಶಾಲೆಯಲ್ಲಿದೆ. ವಾಲ್ಟರ್ ಗ್ರೋಪಿಯಸ್ 1919ರಲ್ಲಿ ವೈಮಾರ್‌ನಲ್ಲಿ ತೆರೆದ ಈ ಶಾಲೆ 1925ರಲ್ಲಿ ಡೆಸ್ಸಾವ್‌ಗೆ ಸ್ಥಳಾಂತರಗೊಂಡಿತು; 1933ರಲ್ಲಿ ನಾಜಿಗಳ ಒತ್ತಡದಿಂದ ಮುಚ್ಚಿತು. ವಸ್ತುವಿನ ಆಕಾರವನ್ನು ಅದರ ಬಳಕೆಯೇ ನಿರ್ಧರಿಸಬೇಕು ಎಂಬುದು ಅಲ್ಲಿಯವರ ನಿಲುವು.

ಈ ನಿಲುವು ಎಷ್ಟು ಉಪಯುಕ್ತ ಎಂಬುದನ್ನು 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ತೋರಿಸುತ್ತದೆ. ಅದರ ವಿಸ್ತೀರ್ಣ ಸುಮಾರು ಆರೂವರೆ ಚದರ ಮೀಟರ್ ಮಾತ್ರ. ಕಿಟಕಿಯ ಬೆಳಕಿನಲ್ಲೇ ತರಕಾರಿ ಹೆಚ್ಚುವ ಮೇಜಿತ್ತು; ಅಕ್ಕಿ, ಸಕ್ಕರೆಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಗಳಿದ್ದವು. ಪ್ರತಿ ಡಬ್ಬಕ್ಕೂ ಹಿಡಿಯಿದ್ದು, ಸೌಟಿನ ಹಂಗಿಲ್ಲದೆ ನೇರವಾಗಿ ಸುರಿಯಬಹುದಿತ್ತು. ಇಂಥ ಅಡುಗೆಮನೆಯಲ್ಲಿ ಅಲಂಕಾರಕ್ಕೆಂದು ಬೇರೇನೂ ಬೇಕೆನಿಸುವುದಿಲ್ಲ.

ಮನೆಯನ್ನು ಹೀಗೆ ಸಜ್ಜುಗೊಳಿಸುವವರು ಕೊಳ್ಳುವುದಕ್ಕಿಂತ ಮೊದಲು ಬೇಡದ್ದನ್ನು ತೆಗೆಯಬೇಕು. ನೆಲ, ಕಿಟಕಿ ಕಾಣುವಂತಾದರೆ ಅರ್ಧ ಕೆಲಸ ಮುಗಿದಂತೆ. ನಿತ್ಯ ಬಳಸುವುದು ಕೈಗೆಟುಕಲಿ, ಉಳಿದದ್ದು ಬಾಗಿಲಿರುವ ಕಪಾಟಿನಲ್ಲಿರಲಿ. ಸರಳತೆ ಎಂದರೆ ಬರೀ ಬಿಳಿ ಗೋಡೆ ಎಂಬುದು ತಪ್ಪು ಕಲ್ಪನೆ. ಡೆಸ್ಸಾವ್‌ನ ಬೌಹೌಸ್ ಶಿಕ್ಷಕರ ಮನೆಗಳ ಒಳಗೋಡೆಗಳಿಗೆ ಬಗೆಬಗೆಯ ಬಣ್ಣ ಬಳಿದಿದ್ದರು.

ಪೀಠೋಪಕರಣ ಕೊಳ್ಳುವಾಗ ಆತುರ ಬೇಡ. ಜರ್ಮನ್ ವಿನ್ಯಾಸಕ ಡೀಟರ್ ರಾಮ್ಸ್ 1960ರಲ್ಲಿ ವಿನ್ಯಾಸಗೊಳಿಸಿದ ಗೋಡೆ ಶೆಲ್ಫ್ ಇಂದಿಗೂ ತಯಾರಾಗುತ್ತಿದೆ. ಮನೆ ಬದಲಿಸಿದಾಗ ಬಿಚ್ಚಿ ಒಯ್ಯಬಹುದು, ಅಗತ್ಯ ಬಿದ್ದಂತೆ ಹಲಗೆ ಸೇರಿಸಬಹುದು. ಅಗ್ಗದ ನಾಲ್ಕು ವಸ್ತುಗಳ ಬದಲು ಹೀಗೆ ಬಾಳಿಕೆ ಬರುವ ಒಂದನ್ನೇ ಆರಿಸುವುದು ಒಳ್ಳೆಯದು.