ಬ್ಲ್ಯಾಕ್ ಬೆಲ್ಟಿಗೆ ಸಂಘದಲ್ಲಿ ಸಾಲ ತೆಗೆಯಲೇ?

ನಮ್ಮದು ಏಕಸಂಬಿ. ಮನೆಯವರು ಕಬ್ಬು ಬೆಳೆಯುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗಳು ಏಳನೇ ಇಯತ್ತೆ. ಮೂರು ವರ್ಷದಿಂದ ಕರಾಟೆ ಕ್ಲಾಸಿಗೆ ಹೋಗುತ್ತಾಳೆ, ಈಗ ಬ್ರೌನ್ ಬೆಲ್ಟ್. ದೀಪಾವಳಿ ಆದ ಮೇಲೆ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಇದೆಯಂತೆ. ಬೆಲ್ಟು, ಸರ್ಟಿಫಿಕೇಟು, ಹೋಗಿಬರುವ ಗಾಡಿ ಎಲ್ಲ ಸೇರಿ ಎಂಟೂವರೆ ಸಾವಿರ ಆಗುತ್ತದೆ, ಈ ಬ್ಯಾಚ್ ಬಿಟ್ಟರೆ ಮತ್ತೆ ವರ್ಷ ಕಾಯಬೇಕು ಎಂದು ಸರ್ ಹೇಳಿದ್ದಾರೆ. ನಮ್ಮ ಮಾವನವರು ಹಳೇ ಪೈಲ್ವಾನರು. 'ನಡಕ್ಕ ಪಟ್ಟಿ ಕಟಗೊಂಡ್ರ ಪೈಲ್ವಾನ ಆಗತಾರೇನ?' ಎಂದು ನಗುತ್ತಾರೆ. ಮನೆಯವರು ಮುಂದೆ ಪೊಲೀಸ್ ನೌಕರಿಗೆ ಬರುತ್ತದೆ, ಕಟ್ಟಿಬಿಡು ಎನ್ನುತ್ತಾರೆ. ನನಗೆ ನೌಕರಿಯ ಚಿಂತೆ ಇಲ್ಲ. ನಾಳೆ ಇವಳು ಚಿಕ್ಕೋಡಿಗೆ ಬಸ್ಸಿನಲ್ಲಿ ಒಬ್ಬಳೇ ಓಡಾಡಬೇಕು. ಬ್ಲ್ಯಾಕ್ ಬೆಲ್ಟ್ ಇದ್ದರೆ ನನಗೆ ನಿದ್ದೆ ಹತ್ತೀತು. ಸಂಘದಲ್ಲಿ ಸಾಲ ತೆಗೆಯಲೇ?
ಹೆಸರು ಬೇಡ, ಏಕಸಂಬಿ

ತಂಗಿ, ಸಾಲ ತೆಗೆಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಂಘದ ಕಂತು ವಾರವಾರ ಬಾಗಿಲಿಗೆ ಬರುತ್ತದೆ, ಕರಾಟೆ ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ. ಮಗಳು ಪರೀಕ್ಷೆಗೆ ಹೋಗಬೇಕೋ ಬೇಡವೋ ಎಂಬುದು ಬೇರೆ ಮಾತು. ಅದಕ್ಕೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ನಿಮ್ಮ ಮಾವನವರ ನಗುವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರು ಶ್ರೀಪತಿ ಖಂಚನಾಳೆಯವರ ಊರಿನವರು. ಏಕಸಂಬಿಯಲ್ಲಿ ಹುಟ್ಟಿ, ಕೊಲ್ಹಾಪುರದ ತಾಲೀಮಿನಲ್ಲಿ ಮೈ ಪಳಗಿಸಿ, 1959ರಲ್ಲಿ ಪಂಜಾಬಿನ ಬಂತಾಸಿಂಗ್‌ರನ್ನು ಸೋಲಿಸಿ ಹಿಂದ್ ಕೇಸರಿ ಆದವರು ಖಂಚನಾಳೆ. 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಕಡೆಯ ಪೈಲ್ವಾನರು ಮರುಗಿದರು. ಅಂಥ ಊರಿನಲ್ಲಿ ದರ್ಜೆ ತೀರ್ಮಾನವಾಗುವುದು ಮಣ್ಣಿನಲ್ಲಿ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಫೀ ಕಟ್ಟಿ ಯಾರೂ ಗೆದ್ದಿಲ್ಲ. ಎದುರಾಳಿಯ ಬೆನ್ನಿಗೆ ಮಣ್ಣು ಹತ್ತಬೇಕು, ಸುತ್ತ ನೆರೆದ ಊರು ನೋಡಬೇಕು, ಆಮೇಲೆ ಗದೆ, ಇನಾಮು. ಅದನ್ನು ಕಂಡ ಕಣ್ಣಿಗೆ ಹಾಲ್‌ನಲ್ಲಿ ಸಾಲಾಗಿ ನಿಂತು ಗಾಳಿಗೆ ಗುದ್ದುವ ಮಕ್ಕಳು ಆಟವಾಗಿ ಕಾಣುವುದು ಸಹಜ. ಆದರೆ ಮಾವನವರಿಗೂ ಒಂದು ಮಾತಿದೆ. ಅವರ ಕಾಲದ ತಾಲೀಮಿನಲ್ಲಿ ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ನಿಮ್ಮ ಮಗಳನ್ನು ಮೊದಲ ದಿನವೇ ಒಳಗೆ ಕರೆದದ್ದು ಆ ಕರಾಟೆ ಕ್ಲಾಸು.

ಇನ್ನು ಆ ಕಪ್ಪು ಪಟ್ಟಿಯ ಪೂರ್ವೋತ್ತರ. ಕರಾಟೆ ಒಕಿನಾವಾ ದ್ವೀಪದ ವಿದ್ಯೆ. ಅಲ್ಲಿನ ಹಳೆಯ ಗುರುಗಳ ಕಾಲಕ್ಕೆ ಬೆಲ್ಟೂ ಇರಲಿಲ್ಲ, ದರ್ಜೆಯೂ ಇರಲಿಲ್ಲ. ಈ ಪದ್ಧತಿ ಬಂದದ್ದು ಜೂಡೋದಿಂದ. 1882ರಲ್ಲಿ ಟೋಕಿಯೋದಲ್ಲಿ ಕೋಡೊಕಾನ್ ಶಾಲೆ ತೆರೆದ ಜಿಗೊರೊ ಕಾನೊ ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಎಂಬ ದರ್ಜೆ ಕೊಟ್ಟರು. ಕಪ್ಪು ಪಟ್ಟಿ ನಡುವಿಗೆ ಬಂದದ್ದು ಅದಾಗಿ ಕೆಲವು ವರ್ಷಕ್ಕೆ. ಒಕಿನಾವಾದಿಂದ 1922ರಲ್ಲಿ ಟೋಕಿಯೋಗೆ ಬಂದ ಗಿಚಿನ್ ಫುನಾಕೋಶಿ 1924ರಲ್ಲಿ ತಮ್ಮ ಕೆಲವು ಶಿಷ್ಯರಿಗೆ ಅದನ್ನೇ ಕೊಟ್ಟರು, ಕರಾಟೆಗೂ ಕಪ್ಪು ಬೆಲ್ಟ್ ಬಂತು. ಹಳದಿ, ಕಿತ್ತಳೆ, ಹಸಿರು ಎಂಬ ಬಣ್ಣಬಣ್ಣದ ಮೆಟ್ಟಿಲುಗಳು ಇನ್ನೂ ಆಮೇಲಿನವು. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಕವಾಯಿಶಿ ಎಂಬ ಜಪಾನಿ ಗುರು ಅವನ್ನು ರೂಢಿಗೆ ತಂದರು. ಬಣ್ಣ ಬದಲಾದರೆ ಶಿಷ್ಯರಿಗೆ ಹುರುಪು, ಕ್ಲಾಸೂ ತುಂಬಿರುತ್ತದೆ. ನಿಮ್ಮ ಸರ್‌ಗೂ ಈ ಗುಟ್ಟು ಗೊತ್ತಿರಲೇಬೇಕು! ಒಟ್ಟಿನಲ್ಲಿ ಮೊದಲ ಡಾನ್‌ನ ಬ್ಲ್ಯಾಕ್ ಬೆಲ್ಟ್ ಎಂದರೆ ಮೂಲಪಾಠ ಮುಗಿದಿದೆ, ಇನ್ನು ಗಂಭೀರವಾಗಿ ಕಲಿಸಬಹುದು ಎಂದು ಗುರು ಹೇಳಿದಂತೆ. ಅದರ ಮೇಲೆ ಹತ್ತನೇ ಡಾನ್‌ವರೆಗೆ ಮೆಟ್ಟಿಲುಗಳಿವೆ.

ಹೇಳುವ ಗುರು ಯಾರು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಕಾರ್ಖಾನೆಗೆ ಕಬ್ಬು ಕಳಿಸುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಚೀಟಿಯಲ್ಲಿ ಎಷ್ಟು ಟನ್ ಬರೆದಿದ್ದರೇನು, ಕಾಟಾ ಸರಿಯಿದ್ದರೆ ತಾನೆ ಆ ಅಂಕಿಗೆ ಬೆಲೆ? ಒಲಿಂಪಿಕ್ಸ್‌ನಲ್ಲಿ ಆಡುವ ಶೈಲಿಯ ಟೇಕ್ವಾಂಡೋದಲ್ಲಿ ಸೋಲ್‌ನ ಕುಕ್ಕಿವಾನ್ ಎಂಬ ಒಂದೇ ಕೇಂದ್ರ ಜಗತ್ತಿಗೆಲ್ಲ ಡಾನ್ ಪ್ರಮಾಣಪತ್ರ ಕೊಡುತ್ತದೆ. ಹದಿನೈದು ತುಂಬದ ಮಕ್ಕಳಿಗೆ ಪೂಮ್ ಎಂಬ ಬೇರೆಯೇ ದರ್ಜೆ ಇಟ್ಟಿದೆ, ಅವರ ಬೆಲ್ಟು ಅರ್ಧ ಕೆಂಪು, ಅರ್ಧ ಕಪ್ಪು. ಬ್ರೆಜಿಲಿಯನ್ ಜಿಯು-ಜಿತ್ಸುವಿನ ದೊಡ್ಡ ಒಕ್ಕೂಟ ಹತ್ತೊಂಬತ್ತು ತುಂಬುವ ತನಕ ಯಾರಿಗೂ ಕಪ್ಪು ಬೆಲ್ಟ್ ಕೊಡುವುದಿಲ್ಲ, ಸಾಮಾನ್ಯವಾಗಿ ಅಲ್ಲಿಗೆ ತಲುಪಲು ಹತ್ತು ವರ್ಷದ ಬೆವರು ಬೇಕು. ಕರಾಟೆಯಲ್ಲಿ ಹಾಗೆ ಎಲ್ಲರನ್ನೂ ತೂಗುವ ಒಂದೇ ಕಾಟಾ ಇಲ್ಲ. ಶೈಲಿ ಹಲವು, ಸಂಸ್ಥೆಗಳು ಅದಕ್ಕಿಂತ ಹಲವು. ಬೆಲ್ಟು ಅಂಗಡಿಯಲ್ಲಿ ಯಾರಿಗಾದರೂ ಸಿಗುತ್ತದೆ. ಹಾಗಾಗಿ ಕ್ಲಾಸನ್ನು ನೀವೇ ಕಣ್ಣಾರೆ ನೋಡಬೇಕು.

ಒಂದು ಸಂಜೆ ಹೊಲಿಗೆ ಬದಿಗಿಟ್ಟು ಹೋಗಿ ಕೂತುಬಿಡಿ. ಕರಾಟೆ ಬಾರದಿದ್ದರೂ ನಡೆಯುತ್ತದೆ. ಮಗಳು ಮುಂದಿನ ಮೊಣಕಾಲು ಬಾಗಿಸಿ ನಿಂತಾಗ ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆಯೇ ಎಂದು ಗಮನಿಸಿ. ಎದ್ದರೆ ಸರ್ ಹತ್ತಿರ ಬಂದು, ಬಗ್ಗಿ ನೋಡಿ, ತಿದ್ದುತ್ತಾರೋ, ಇಲ್ಲ ಮೊಬೈಲ್ ನೋಡುತ್ತ ಎಣಿಕೆ ಹಾಕುತ್ತಾರೋ? ಒಬ್ಬೊಬ್ಬರೇ ಮಾಡುವ ಕಾತಾ ಆದ ಮೇಲೆ ಜೋಡಿ ಕಟ್ಟಿ ಆಡಿಸುತ್ತಾರೋ? ಎದುರಿನ ಹುಡುಗಿ ನಿಜವಾಗಿ ಕೈ ಬೀಸುತ್ತಾಳೋ, ತಾಗದಿರಲೆಂದು ಗೇಣು ದೂರದಲ್ಲೇ ನಿಲ್ಲಿಸುತ್ತಾಳೋ? ಮುಗಿದ ಮೇಲೆ ಸರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: 'ಹಿಂದಿನ ಪರೀಕ್ಷೆಯಲ್ಲಿ ಎಷ್ಟು ಮಂದಿ ಫೇಲಾದ್ರು, ಸರ್?' ಯಾರೂ ಆಗಿಲ್ಲ ಎಂದು ಹೆಮ್ಮೆಯಿಂದ ಹೇಳಿದರೆ ಎಂಟೂವರೆ ಸಾವಿರ ನಿಮ್ಮಲ್ಲೇ ಇರಲಿ. ಫೇಲಾಗುವ ಭಯವಿಲ್ಲದ ಪರೀಕ್ಷೆಯಲ್ಲಿ ಪಾಸಾದವರಿಗೂ ಏನೂ ಸಿಗುವುದಿಲ್ಲ.

ಯಜಮಾನರ ಪೊಲೀಸ್ ನೌಕರಿಯ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ಕ್ರೀಡಾ ಕೋಟಾದಲ್ಲಿ ನೋಡುವುದು ರಾಜ್ಯ, ರಾಷ್ಟ್ರ ಮಟ್ಟದ ಮಾನ್ಯ ಪಂದ್ಯಗಳಲ್ಲಿ ಆಡಿದ್ದನ್ನು, ಗೆದ್ದ ಪದಕವನ್ನು. ಖಾಸಗಿ ಕ್ಲಾಸಿನ ಬೆಲ್ಟ್ ಸರ್ಟಿಫಿಕೇಟಿಗೆ ಅಲ್ಲಿ ಜಾಗವಿಲ್ಲ. ಒಲಿಂಪಿಕ್ಸ್‌ನಲ್ಲೂ ಕರಾಟೆ ಟೋಕಿಯೋದಲ್ಲಿ ಒಂದೇ ಸಲ ಬಂದು ಹೋಯಿತು. ಮಗಳಿಗೆ ಆಟದಲ್ಲೇ ಮುಂದೆ ಹೋಗುವ ಆಸೆಯಿದ್ದರೆ ಬೆಳಗಾವಿಯ ಕ್ರೀಡಾ ಇಲಾಖೆಯಲ್ಲಿ ಜೂಡೋ, ಕುಸ್ತಿಯ ಆಯ್ಕೆ ಯಾವಾಗ ಎಂದು ವಿಚಾರಿಸಿ. ಕುಸ್ತಿ ಎಂದರೆ ಮಾವನವರ ಮುಖವೂ ಅರಳೀತು.

ನಿಮ್ಮ ನಿಜವಾದ ಚಿಂತೆ ಬಸ್ಸಿನದು. ನೀವು ಎಂಟೂವರೆ ಸಾವಿರಕ್ಕೆ ಕೊಳ್ಳಹೊರಟಿರುವುದು ನಿಮ್ಮ ನಿದ್ದೆಯನ್ನು. ತಾಯಿಯಾಗಿ ಅದು ತಪ್ಪಲ್ಲ, ಆದರೆ ಬೆಲ್ಟು ಅದನ್ನು ಕೊಡಲಾರದು. ತುಂಬಿದ ಬಸ್ಸಿನಲ್ಲಿ ಮೈಗೆ ತಾಗುವ ಕೈಗೆ ಕಾಲೆತ್ತಿ ಒದೆಯಲು ಜಾಗವೇ ಇರುವುದಿಲ್ಲ. ಅಲ್ಲಿ ಬೇಕಾಗುವುದು ದನಿ. 'ಏ, ಕೈ ತಗಿ!' ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿ, ಕಂಡಕ್ಟರ್ ನಿಂತ ಕಡೆ ಸರಿದು ಹೋಗುವುದು. ಕ್ಲಾಸಿನಲ್ಲಿ ಪ್ರತಿ ಗುದ್ದಿಗೂ ಗಂಟಲು ಬಿಚ್ಚಿ ಕೂಗಿಸುತ್ತಾರಲ್ಲ, ನಾಲ್ಕು ಜನರೆದುರು ನಾಚದೆ ದನಿ ಎತ್ತುವ ಆ ರೂಢಿ ಮೂರು ವರ್ಷದಲ್ಲಿ ನಿಮ್ಮ ಮಗಳಿಗೆ ಬಂದಿದ್ದರೆ, ಕೊಟ್ಟ ಫೀ ಈಗಾಗಲೇ ವಸೂಲಾಗಿದೆ. 112, ಮಕ್ಕಳ ಸಹಾಯವಾಣಿ 1098, ಇವೆರಡೂ ಅವಳಿಗೆ ಬಾಯಿಪಾಠ ಇರಲಿ. ಸರ್ಕಾರಿ ಶಾಲೆಯಾದರೆ ಆರರಿಂದ ಹನ್ನೆರಡನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಯೋಜನೆಯಡಿ ಮೂರು ತಿಂಗಳ ತರಬೇತಿಗೆ ಅವಕಾಶವಿದೆ, ಮುಖ್ಯೋಪಾಧ್ಯಾಯರನ್ನು ಕೇಳಿ. ಅಲ್ಲಿ ಬೆಲ್ಟ್ ಕಟ್ಟುವ ಗೊಡವೆಯಿಲ್ಲ.

ಇದಕ್ಕಿಂತ ದೊಡ್ಡದು ನಿಮ್ಮ ಕೈಯಲ್ಲೇ ಇದೆ. ಬಸ್ಸಿನಲ್ಲಿ ಏನೋ ಆಯಿತೆಂದು ಮಗಳು ಬಂದು ಹೇಳಿದ ದಿನ ಮನೆಯಲ್ಲಿ ಏನಾಗುತ್ತದೆ? ಎಷ್ಟೋ ಹುಡುಗಿಯರು ಬಾಯಿ ಬಿಡದಿರುವುದಕ್ಕೆ ಕಾರಣ ಆ ಕೈಯ ಭಯವೊಂದೇ ಅಲ್ಲ. 'ಹಂಗಾದ್ರ ನಾಳಿಂದ ಸಾಲಿ ಬ್ಯಾಡ' ಎನ್ನುತ್ತಾರೆಂಬ ಭಯವೂ ಹೌದು. ಏನೇ ಆದರೂ ನಿನ್ನ ಶಾಲೆ ನಿಲ್ಲುವುದಿಲ್ಲ ಎಂದು ಯಜಮಾನರು ಮತ್ತು ಮಾವನವರು ಇಬ್ಬರ ಬಾಯಿಂದಲೂ ಇವತ್ತೇ ಅವಳಿಗೆ ಹೇಳಿಸಿ.

ಮಾವನವರಿಗೆ ಇನ್ನೂ ಒಂದು ಕೆಲಸ ಹಚ್ಚಿ. ಭಾನುವಾರ ಅಂಗಳದಲ್ಲಿ ಮೊಮ್ಮಗಳ ಮಣಿಕಟ್ಟನ್ನು ಪೈಲ್ವಾನರ ಹಿಡಿತದಲ್ಲೇ ಹಿಡಿಯಲಿ. ಬಿಡಿಸಿಕೊಳ್ಳಲು ಬಂದರೆ ಅವರೇ ನಗು ನಿಲ್ಲಿಸುತ್ತಾರೆ. ಬಾರದಿದ್ದರೆ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಹೇಗೆ ಜಾರಿಸಬೇಕು, ಬಿದ್ದರೆ ಹೇಗೆ ಬೀಳಬೇಕು ಎಂದು ಹೇಳಿಕೊಡಲಿ. ಇಷ್ಟು ವರ್ಷ ಮಣ್ಣಿನಲ್ಲಿ ಕಲಿತದ್ದು ಮನೆಯ ಹುಡುಗಿಗೆ ಸೇರಲಿ.

ಕೊನೆಗೆ, ನಿಮ್ಮ ಪತ್ರದಲ್ಲಿ ಸರ್ ಮಾತಿದೆ, ಮಾವನವರ ಮಾತಿದೆ, ಯಜಮಾನರದಿದೆ, ನಿಮ್ಮದಿದೆ. ಮಗಳ ಮಾತು ಒಂದೂ ಇಲ್ಲ. ಅವಳನ್ನು ಕೇಳಿ. ಕ್ಲಾಸು ಚೆನ್ನಾಗಿದ್ದು ಅವಳಿಗೆ ಆಸೆಯೂ ಇದ್ದರೆ, 'ಇನ್ನೊಂದು ವರ್ಷ ಬ್ರೌನ್ ಬೆಲ್ಟಿನಲ್ಲೇ ಇರ್ಲಿ ಸರ್, ಕ್ಲಾಸಿನ ಫೀ ತಪ್ಪಸೂದಿಲ್ಲ' ಎಂದು ಸರ್‌ಗೆ ಹೇಳಿ ನೋಡಿ. ಒಳ್ಳೆಯ ಗುರು ಅದಕ್ಕೆ ಬೇಸರಪಡುವುದಿಲ್ಲ. ಹೊಲಿಗೆಯ ದುಡ್ಡಿನಲ್ಲಿ ತಿಂಗಳಿಗಿಷ್ಟು ತೆಗೆದಿಡಿ, ಉಳಿದದ್ದು ಕಬ್ಬಿನ ಬಿಲ್ಲು ಬಂದಾಗ ಆಗುತ್ತದೆ.