ಮನೆಯ ಅಕ್ವಾಪೋನಿಕ್ಸ್: ಒಂದು ದೊಡ್ಡ ತೊಟ್ಟಿಯೋ, ಮೂರು ಸಣ್ಣ ತೊಟ್ಟಿಗಳೋ?

ಮೀನು ಸಾಕಿದ ನೀರನ್ನು ಗಿಡಗಳಿಗೆ ಹರಿಸಿ, ಗಿಡಗಳು ಸತ್ವ ಹೀರಿಕೊಂಡ ನೀರನ್ನು ಮರಳಿ ಮೀನಿನ ತೊಟ್ಟಿಗೆ ತರುವ ಪದ್ಧತಿಗೆ ಅಕ್ವಾಪೋನಿಕ್ಸ್ ಎಂದು ಹೆಸರು. ಮನೆಯ ತಾರಸಿಯಲ್ಲಿ ಅಥವಾ ಗೋದಾಮಿನ ಪಕ್ಕದ ಖಾಲಿ ಜಾಗದಲ್ಲಿ ಇದನ್ನು ಉಪಕಸುಬಾಗಿ ಆರಂಭಿಸಬಯಸುವ ಸದಸ್ಯರು ಮೊದಲು ವಿಚಾರಿಸುವುದು ತೊಟ್ಟಿಯ ಬೆಲೆಯನ್ನು. ಸಾವಿರ ಲೀಟರಿನ ಒಂದು ತೊಟ್ಟಿಯು ಮುನ್ನೂರಿಪ್ಪತ್ತು ಲೀಟರಿನ ಮೂರು ತೊಟ್ಟಿಗಳಿಗಿಂತ ಅಗ್ಗ. ಪೈಪು, ವಾಲ್ವ್‌ಗಳ ಖರ್ಚೂ ಕಡಿಮೆ. ಆದುದರಿಂದ ಒಂದೇ ತೊಟ್ಟಿ ಸಾಕೆಂಬ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಈ ತೀರ್ಮಾನ ಕೇವಲ ಬಂಡವಾಳ ವೆಚ್ಚವನ್ನು ನೋಡಿ ಮಾಡಿದ್ದು. ದಿನನಿತ್ಯದ ನಿರ್ವಹಣೆಯನ್ನು ಪರಿಶೀಲಿಸಿದರೆ ಚಿತ್ರ ಬದಲಾಗುತ್ತದೆ.

ಈ ಉದ್ಯಮದ ಮುಖ್ಯ ಕಚ್ಚಾವಸ್ತು ಮೀನಿನ ಆಹಾರ. ಅದನ್ನು ತಿಂದ ಮೀನು ಅಮೋನಿಯಾ ವಿಸರ್ಜಿಸುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಅಂದರೆ ಸೊಪ್ಪಿನ ಮಡಿಗೆ ದೊರೆಯುವ ಗೊಬ್ಬರವು ಆ ದಿನ ಮೀನು ತಿಂದ ಆಹಾರದ ಪ್ರಮಾಣವನ್ನು ಅವಲಂಬಿಸಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2014ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ, ಸೊಪ್ಪಿನ ಬೆಳೆಗೆ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಬೇಕು; ಸಾವಿರ ಲೀಟರ್ ನೀರಿಗೆ 20 ಕಿಲೋ ಮೀನು ಸುರಕ್ಷಿತ ಮಿತಿ.

ನಾಲ್ಕು ಚದರ ಮೀಟರಿನ ಮಡಿಗೆ ಈ ಲೆಕ್ಕವನ್ನು ಅನ್ವಯಿಸೋಣ. ನಮ್ಮಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ಮೀನನ್ನು 20 ಗ್ರಾಂ ತೂಕದ ಮರಿಯಾಗಿ ಬಿಟ್ಟು, ಆರು ತಿಂಗಳಲ್ಲಿ 400 ಗ್ರಾಂ ತೂಕಕ್ಕೆ ಬೆಳೆಸುವುದಾಗಿ ಭಾವಿಸೋಣ. ಮರಿ ದಿನಕ್ಕೆ ಸುಮಾರು 1 ಗ್ರಾಂ ತಿನ್ನುತ್ತದೆ. ಎರಡು ತಿಂಗಳಾದಾಗ 3 ಗ್ರಾಂ, ನಾಲ್ಕು ತಿಂಗಳಾದಾಗ 4.6 ಗ್ರಾಂ, ಕೊನೆಯಲ್ಲಿ 6 ಗ್ರಾಂ. ಇವು ವಿವರಣೆಗಾಗಿ ಇಟ್ಟುಕೊಂಡ ಅಂದಾಜುಗಳು.

ಒಂದೇ ತೊಟ್ಟಿಯಲ್ಲಿ 48 ಮೀನು ಬಿಟ್ಟರೆ ಮೊದಲ ದಿನದ ಆಹಾರ 48 ಗ್ರಾಂ, ಕೊನೆಯ ದಿನ 288 ಗ್ರಾಂ. ಮಡಿಯ ವಿಸ್ತೀರ್ಣ ಅಷ್ಟೇ ಇದ್ದರೂ ಗೊಬ್ಬರ ಆರು ಪಟ್ಟು ಏರುತ್ತದೆ. ಆರಂಭದಲ್ಲಿ ಸೊಪ್ಪು ಹಳದಿಗೆ ತಿರುಗುತ್ತದೆ, ಕೊನೆಯಲ್ಲಿ ಫಿಲ್ಟರ್ ತಡೆದುಕೊಳ್ಳಲಾರದೆ ನೀರು ಕೆಡುತ್ತದೆ. ಮೀನು ಹಿಡಿದ ಮರುದಿನ ಮತ್ತೆ 48 ಗ್ರಾಂಗೆ ಕುಸಿತ.

ಅದೇ 48 ಮೀನುಗಳನ್ನು ಹದಿನಾರರಂತೆ ಮೂರು ತೊಟ್ಟಿಗಳಲ್ಲಿ, ಎರಡೆರಡು ತಿಂಗಳ ಅಂತರದಲ್ಲಿ ಬಿಟ್ಟರೆ, ಹೊಸ ಮರಿ ಬಿಟ್ಟ ದಿನ ಒಟ್ಟು ಆಹಾರ 138 ಗ್ರಾಂ, ಹಿಡಿಯುವ ಮುನ್ನಾದಿನ 218 ಗ್ರಾಂ. ಚದರ ಮೀಟರಿಗೆ 34ರಿಂದ 54 ಗ್ರಾಂ. ಬೇಕಾದ ಪ್ರಮಾಣದ ಆಸುಪಾಸಿನಲ್ಲೇ ಇದೆ. ವಿದ್ಯುತ್ ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆಗೆ ಶುಲ್ಕ ತೆರುವ ಉದ್ಯಮಿಗಳಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಫಿಲ್ಟರಿನ ಗಾತ್ರವನ್ನು ನಿರ್ಧರಿಸುವುದು ಸರಾಸರಿಯಲ್ಲ, ಗರಿಷ್ಠ ಹೊರೆ. ಒಟ್ಟು ನೀರಿನ ಪ್ರಮಾಣದಲ್ಲಿ ಮಾತ್ರ ಉಳಿತಾಯವಿಲ್ಲ. ಎರಡೂ ಕ್ರಮಗಳಿಗೆ ಸುಮಾರು 960 ಲೀಟರ್ ಬೇಕೇ ಬೇಕು.

ಈ ಕ್ರಮ ಹೊಸದಲ್ಲ. ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯ್ ದ್ವೀಪದಲ್ಲಿ ಡಾ. ಜೇಮ್ಸ್ ರಾಕೋಸಿ ಹಾಗೂ ಸಂಗಡಿಗರು ವರ್ಜಿನ್ ಐಲೆಂಡ್ಸ್ ವಿಶ್ವವಿದ್ಯಾನಿಲಯಕ್ಕಾಗಿ ರೂಪಿಸಿದ ಪ್ರಸಿದ್ಧ ಘಟಕದಲ್ಲಿ ತಲಾ 7,800 ಲೀಟರಿನ ನಾಲ್ಕು ಸಾಕಣೆ ತೊಟ್ಟಿಗಳಿದ್ದವು. ಮೀನಿನ ಬೆಳವಣಿಗೆಗೆ 24 ವಾರ. ನಾಲ್ಕು ತೊಟ್ಟಿಗಳಲ್ಲಿ ಸರದಿಯಂತೆ ಆರು ವಾರಕ್ಕೊಮ್ಮೆ ಕೊಯ್ಲು.

ಲಾಭ ಯಾವ ಖಾತೆಯಲ್ಲಿ?

ನಮ್ಮ ಮೂರು ತೊಟ್ಟಿಗಳಿಂದ ವರ್ಷಕ್ಕೆ 96 ಮೀನು, ಅಂದರೆ 38.4 ಕಿಲೋ. ಕಿಲೋಗೆ 200 ರೂ. ಎಂದಿಟ್ಟುಕೊಂಡರೆ 7,680 ರೂ. ಆಹಾರ ವರ್ಷಕ್ಕೆ 65 ಕಿಲೋ, ಕಿಲೋಗೆ 70 ರೂ.ನಂತೆ 4,550 ರೂ. ನೀರಿನ ಪಂಪು, ಗಾಳಿ ಪಂಪು ಸೇರಿ 75 ವ್ಯಾಟ್ ಹಗಲಿರುಳು ಓಡಿದರೆ ವರ್ಷಕ್ಕೆ 657 ಯೂನಿಟ್. ಯೂನಿಟ್ಟಿಗೆ 7 ರೂ. ಹಿಡಿದರೆ 4,600 ರೂ. ಮರಿಗಳಿಗೆ ತಲಾ 5 ರೂ.ನಂತೆ 480 ರೂ. ಸವಕಳಿಯನ್ನೂ ಮನೆಯವರ ಶ್ರಮವನ್ನೂ ಬಿಟ್ಟೇ 1,950 ರೂ. ಕೊರತೆ! ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಬಹುದು. ಫಲಿತಾಂಶ ಬಹಳ ಬದಲಾಗಲಾರದು. ಮೀನಿನಿಂದಲೇ ಬಂಡವಾಳ ಮರಳುತ್ತದೆಂದು ಸಲಕರಣೆ ಮಾರುವವರು ತೋರಿಸುವ ಪಟ್ಟಿಗಳಲ್ಲಿ ವಿದ್ಯುತ್ತಿನ ಸಾಲು ಇದೆಯೇ ಎಂದು ಮೊದಲು ಹುಡುಕುವುದು ಒಳಿತು.

ಈ ಕೊರತೆಯನ್ನು ತುಂಬಿ ಲಾಭ ತರಬೇಕಾದದ್ದು ಸೊಪ್ಪಿನ ಮಡಿ. ವಾರವಾರವೂ ಒಂದೇ ಗುಣಮಟ್ಟದ ಸೊಪ್ಪು ಬಂದರೆ ಮಾತ್ರ ಗಿರಾಕಿ ನಿಲ್ಲುತ್ತಾನೆ. ಮೂರು ತೊಟ್ಟಿಗಳಿಗೆ ಮಾಡಿದ ಹೆಚ್ಚುವರಿ ವೆಚ್ಚದ ಸಮರ್ಥನೆ ಇಲ್ಲಿದೆಯೇ ಹೊರತು ಮೀನಿನ ಖಾತೆಯಲ್ಲಿಲ್ಲ.

ಮೂರೂ ತೊಟ್ಟಿಗಳನ್ನು ಒಮ್ಮೆಲೇ ತುಂಬುವ ಆತುರ ಸಲ್ಲದು. ಬ್ಯಾಕ್ಟೀರಿಯಾ ನೆಲೆಗೊಳ್ಳಲು ಮೂರರಿಂದ ಐದು ವಾರ ಬೇಕು. ಮೊದಲ ತೊಟ್ಟಿಯೊಂದೇ ಇರುವ ಎರಡು ತಿಂಗಳು ಆಹಾರ 48 ಗ್ರಾಂ ದಾಟುವುದಿಲ್ಲವಾದ್ದರಿಂದ ಒಂದು ಚದರ ಮೀಟರಿನಲ್ಲಷ್ಟೇ ನಾಟಿ ಮಾಡತಕ್ಕದ್ದು. ಎರಡನೆಯ ತೊಟ್ಟಿ ಸೇರಿದ ಮೇಲೆ ಎರಡು ಚದರ ಮೀಟರ್.

ನೀರು ಒಂದೇ ಆದರೆ ಅಪಾಯವೂ ಒಂದೇ

ತೊಟ್ಟಿಗಳು ಮೂರಾದ ಮಾತ್ರಕ್ಕೆ ಅಪಾಯ ಮೂರು ಪಾಲಾಯಿತೆಂಬ ಭಾವನೆ ತಪ್ಪು. ಒಂದೇ ನೀರು ಮೂರರಲ್ಲೂ ಸುತ್ತುವಾಗ ಅವುಗಳ ಸಂಬಂಧ ಪಾಲುದಾರಿಕೆ ಸಂಸ್ಥೆಯಂತೆ: ಒಬ್ಬ ಪಾಲುದಾರನ ಸಾಲಕ್ಕೆ ಎಲ್ಲರೂ ಹೊಣೆ. ಒಂದು ತೊಟ್ಟಿಗೆ ಬಂದ ರೋಗ ಉಳಿದೆರಡಕ್ಕೂ ಹರಡುತ್ತದೆ. ನಿಜವಾದ ರಕ್ಷಣೆ ಬೇಕಾದರೆ, ಮುಖ್ಯ ವ್ಯವಸ್ಥೆಗೆ ಯಾವ ಸಂಪರ್ಕವೂ ಇಲ್ಲದ ಒಂದು ಸಣ್ಣ ತೊಟ್ಟಿ ಪ್ರತ್ಯೇಕವಾಗಿರಬೇಕು. ಹೊಸ ಮರಿಗಳು ಎರಡು ಮೂರು ವಾರ ಅಲ್ಲಿದ್ದು ಬರಲಿ. ಔಷಧೋಪಚಾರವೂ ಅಲ್ಲಿಯೇ; ಔಷಧ ಮುಖ್ಯ ನೀರಿಗೆ ಸೇರಿದರೆ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ, ಸೊಪ್ಪು ತಿನ್ನಲು ಯೋಗ್ಯವಾಗಿ ಉಳಿಯುವುದಿಲ್ಲ.

ಒಂದು ತೊಟ್ಟಿಯ ಹೊಲಸು ಮತ್ತೊಂದಕ್ಕೆ ಹರಿಯದಂತೆ ಪ್ರತಿಯೊಂದಕ್ಕೂ ಫಿಲ್ಟರಿನಿಂದ ನೇರ ನೀರು, ಪ್ರತ್ಯೇಕ ವಾಲ್ವ್, ಪ್ರತ್ಯೇಕ ಗಾಳಿ ಕೊಳವೆ ಇರಲಿ. ವಿದ್ಯುತ್ ಹೋಗಿ ಗಾಳಿ ನಿಂತರೆ ಕೆಲವೇ ಗಂಟೆಗಳಲ್ಲಿ ಎಲ್ಲ ತೊಟ್ಟಿಗಳ ಮೀನೂ ಸಾಯಬಹುದು. ಗಾಳಿ ಪಂಪಿಗೆ ಬ್ಯಾಟರಿ ಅನಿವಾರ್ಯ.

ತಾರಸಿಯ ವಿಷಯದಲ್ಲಿ ಉಪೇಕ್ಷೆ ಸಲ್ಲದು. ಜನ ಓಡಾಡುವ ಸಮತಟ್ಟಾದ ತಾರಸಿಗೆ ಭಾರತೀಯ ಮಾನಕ 875ರ ಪ್ರಕಾರ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಹದಿನೈದು ಸೆಂಟಿಮೀಟರ್ ಆಳದ ನೀರಿನ ತೂಕವೇ ಅಷ್ಟು! ತೊಟ್ಟಿಗಳು ಸಣ್ಣವಾದರೆ ಅವನ್ನು ತೊಲೆಗಳ ಮೇಲೆ ಹಂಚಿ ಇಡುವ ಅನುಕೂಲವಿದೆ. ಆದರೂ ಎಂಜಿನಿಯರರ ಸಲಹೆಯಿಲ್ಲದೆ ಮುಂದುವರಿಯಬಾರದು. ತಿಲಾಪಿಯಾ ಸಾಕಣೆಗೆ ಮೀನುಗಾರಿಕೆ ಇಲಾಖೆಯ ಅನುಮತಿಯನ್ನು ಮುಂಚೆಯೇ ವಿಚಾರಿಸಿಕೊಳ್ಳಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ನಿಷೇಧಿತ.

ಲೆಕ್ಕಪತ್ರ ಮತ್ತು ತೆರಿಗೆ

ತೊಟ್ಟಿಯ ಮೀನಿನ ಆದಾಯ ಕೃಷಿ ಆದಾಯವಲ್ಲ, ವ್ಯಾಪಾರದ ಆದಾಯ. ಸೊಪ್ಪಿನ ವಿಚಾರ ವಿವಾದಾಸ್ಪದ. ಕೃಷಿ ಆದಾಯದ ವ್ಯಾಖ್ಯೆ ಭೂಮಿಯನ್ನು ಆಧರಿಸಿದೆ. ತಟ್ಟೆಗಳಲ್ಲಿ ಬೆಳೆದ ಅಣಬೆಯ ಆದಾಯವನ್ನು ಕೃಷಿ ಆದಾಯವೆಂದು ಹೈದರಾಬಾದಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ 2018ರಲ್ಲಿ ಒಪ್ಪಿದ್ದು ಆ ತಟ್ಟೆಗಳಲ್ಲಿ ಮಣ್ಣಿತ್ತೆಂಬ ಆಧಾರದ ಮೇಲೆ. ಜಲ್ಲಿ ಮತ್ತು ನೀರಿನಲ್ಲಿ ಬೆಳೆದ ಸೊಪ್ಪಿಗೆ ಅದೇ ರಿಯಾಯಿತಿ ದೊರೆಯುತ್ತದೆಂದು ಭಾವಿಸಿ ಯೋಜನೆ ಹಾಕುವುದು ವಿವೇಕವಲ್ಲ. ಜೀವಂತ ಮೀನು, ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಆದಕಾರಣ ಪಂಪು, ಪೈಪುಗಳಿಗೆ ತೆತ್ತ ತೆರಿಗೆಯನ್ನು ಮರಳಿ ಪಡೆಯಲಾಗದು, ಅದನ್ನು ಸಲಕರಣೆಯ ಬೆಲೆಗೇ ಸೇರಿಸತಕ್ಕದ್ದು.

ಪ್ರತಿ ತೊಟ್ಟಿಗೂ ಒಂದು ಪುಟವಿರಲಿ: ಬಿಟ್ಟ ದಿನಾಂಕ, ಸಂಖ್ಯೆ, ದಿನದ ಆಹಾರ, ಸತ್ತವು, ಹಿಡಿದ ತೂಕ. ಮಾರ್ಚ್ 31ರಂದು ಮೂರು ತೊಟ್ಟಿಗಳಲ್ಲೂ ಬೇರೆ ಬೇರೆ ವಯಸ್ಸಿನ ಮೀನು ಉಳಿದಿರುತ್ತದೆ. ತೊಟ್ಟಿಗೆ ಐದಾರು ಮೀನು ತೂಗಿ, ಸರಾಸರಿ ತೂಕವನ್ನು ಸಂಖ್ಯೆಯಿಂದ ಗುಣಿಸಿ ಅಂತಿಮ ದಾಸ್ತಾನಿಗೆ ಸೇರಿಸಿದಲ್ಲದೆ ಆ ವರ್ಷದ ಲಾಭನಷ್ಟ ಸರಿಯಾಗಿ ತಿಳಿಯುವುದಿಲ್ಲ.